ಏಳನೇ ನಂಬರಿನ ಬೂಟು

ಭದ್ರಾವತಿಯ ಜನ್ನಾಪುರದಿಂದ ತಂಗಿಯ ಫೋನ್ ಬಂದಾಗ ರಾತ್ರಿ ಹತ್ತಾಗಿತ್ತು. ‘ಅಣ್ಣಾ, ನಿನ್ನ ಅಳಿಯನಿಗೆ ಬನಿಯನ್ ಆಪರೇಷನ್ ಅಂತೆ’ ಎಂದಳು. ನನಗೆ ಬನಿಯನ್ ಎಂದರೆ ಅಂಗಿಯೊಳಗೆ ತೊಡುವುದೊಂದೇ ಗೊತ್ತು. ಅದಕ್ಕೇಕೆ ಆಪರೇಷನ್ ಎಂದು ತಬ್ಬಿಬ್ಬಾದೆ. ವಿಚಾರಿಸಿದರೆ, ಹೆಬ್ಬೆರಳಿನ ಬುಡದಲ್ಲಿ ಏಳುವ ಗಂಟಿಗೆ ಇಂಗ್ಲಿಷಿನಲ್ಲಿ ಆ ಹೆಸರು. ಅಳಿಯ, ಅಂದರೆ ತಂಗಿಯ ಮಗ, ಇರುವುದು ಅಮೆರಿಕದ ಕೊಲರಾಡೊದಲ್ಲಿ. ಚಳಿಗಾಲ ಬಂತೆಂದರೆ ಶನಿವಾರ ಭಾನುವಾರ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡದಲ್ಲೇ ಇರುವವನು. ಬಿದ್ದು ಮುರಿದುಕೊಂಡಿರಬೇಕು ಎಂದುಕೊಂಡೆ. ಮರುದಿನ ಅವನೇ ಮಾತಾಡಿದ: ‘ಬಿದ್ದಿದ್ದಲ್ಲ ಮಾವ, ಬೂಟು.’

ನಮ್ಮಲ್ಲಿ ಹೊಸ ಚಪ್ಪಲಿ ಕಚ್ಚುತ್ತದೆ. ನಾಯಿ, ಹಾವು, ಚಪ್ಪಲಿ ಮೂರಕ್ಕೂ ಒಂದೇ ಕ್ರಿಯಾಪದ ಕೊಟ್ಟವರು ನಾವು. ಕಚ್ಚಿದ ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ ನಾಲ್ಕು ದಿನ ಕುಂಟಿದರೆ ಚರ್ಮವೇ ಸೋತು ಮೆತ್ತಗಾಗುತ್ತದೆ. ಸ್ಕೀ ಬೂಟು ಹಾಗೆ ಸೋಲುವುದಿಲ್ಲ. ಅದರ ಹೊರಚಿಪ್ಪು ಗಟ್ಟಿ ಪ್ಲಾಸ್ಟಿಕ್ಕು, ಒಳಗೊಂದು ಮೆತ್ತನೆಯ ಪದರ, ಮೇಲೆ ನಾಲ್ಕು ಬಕಲ್ಲು. ಇಳಿಜಾರಿನಲ್ಲಿ ಮೊಣಕಾಲು ಓಲಿದರೆ ಆ ಕ್ಷಣಕ್ಕೇ ಪಾದದಡಿಯ ಹಲಗೆಯೂ ಓಲಬೇಕು. ನಡುವೆ ಸಡಿಲಿದ್ದರೆ ತಿರುವು ತಪ್ಪುತ್ತದೆ. ಹಾಗಾಗಿ ಬೂಟು ಬಿಗಿಯಾಗಿರಲೇಬೇಕು. ಆಟಕ್ಕೆ ಬೇಕಾದ ಬಿಗಿ ಎಲ್ಲಿ ಮುಗಿದು ಬೆರಳನ್ನು ಹಾಳುಮಾಡುವ ಬಿಗಿ ಎಲ್ಲಿ ಶುರುವಾಗುತ್ತದೆ ಎಂಬುದೇ ತಕರಾರು.

ಇಲ್ಲೊಂದು ಸೋಜಿಗವಿದೆ. ಹೊಸದಾಗಿ ಸ್ಕೀ ಕಲಿಯುವವರ ಉಗುರು ಕಪ್ಪಾಗುವುದು ಹೆಚ್ಚಾಗಿ ಬೂಟು ದೊಡ್ಡದಾದದ್ದರಿಂದ. ಅಳಿಯನೂ ಮೊದಲ ವರ್ಷ ನೋವಿಗೆ ಹೆದರಿ ಒಂದು ಅಳತೆ ದೊಡ್ಡದನ್ನೇ ಕೊಂಡಿದ್ದ. ಸಡಿಲ ಬೂಟಿನೊಳಗೆ ಹಿಮ್ಮಡಿ ಏಳುತ್ತದೆ, ಪಾದ ಮುಂದಕ್ಕೆ ಜಾರುತ್ತದೆ, ಹೆಬ್ಬೆರಳು ಗೋಡೆಗೆ ಗುದ್ದುತ್ತದೆ. ದಿನಕ್ಕೆ ನೂರಾರು ಸಲ ಗುದ್ದಿಸಿಕೊಂಡ ಉಗುರಿನಡಿ ರಕ್ತ ಕಟ್ಟಿ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನೋವೆಂದು ಬಕಲ್ಲು ಇನ್ನಷ್ಟು ಬಿಗಿದರೆ ಪಾದದ ಬೆನ್ನಿನ ರಕ್ತನಾಳ ಒತ್ತಿ ಬೆರಳು ಜೋಮು ಹಿಡಿಯುತ್ತವೆ, ತಣ್ಣಗಾಗುತ್ತವೆ. ಬಲ್ಲವರು ಬೂಟು ಅಳೆಯುವ ಕ್ರಮವೇ ಬೇರೆ. ಒಳಪದರ ತೆಗೆದು ಬರಿಯ ಚಿಪ್ಪಿನೊಳಗೆ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತೆಂದು ನೋಡುತ್ತಾರೆ. ಒಂದೆರಡು ಬೆರಳು ಹಿಡಿಸಿದರೆ ಸರಿ. ಹಾಕಿಕೊಂಡು ನೆಟ್ಟಗೆ ನಿಂತಾಗ ಹೆಬ್ಬೆರಳು ತುದಿಗೆ ಹಗುರಾಗಿ ಸೋಕಬೇಕು, ಮೊಣಕಾಲು ಮಡಚಿದರೆ ಹಿಂದೆ ಸರಿಯಬೇಕು. ಅಳತೆ ಹೇಳುವುದೂ ನಂಬರಿನಲ್ಲಲ್ಲ, ಪಾದದ ಉದ್ದ ಎಷ್ಟು ಸೆಂಟಿಮೀಟರ್ ಎಂದು. ಅಗಲಕ್ಕೆ ಬೇರೆಯದೇ ಲೆಕ್ಕ, ಮಿಲಿಮೀಟರಿನಲ್ಲಿ: 98 ಇಕ್ಕಟ್ಟು, 102 ಅಗಲ.

ನಮ್ಮ ಅಂಗಡಿಗಳ ನಂಬರು ಇಂಗ್ಲೆಂಡಿನ ಹಳೆಯ ಲೆಕ್ಕ. ಒಂದು ನಂಬರಿಗೂ ಮುಂದಿನದಕ್ಕೂ ಒಂದು ಅಂಗುಲದ ಮೂರನೇ ಒಂದು ಭಾಗ, ಅಂದರೆ ಒಂದು ಜವೆಗೋಧಿ ಕಾಳಿನ ಉದ್ದ, ವ್ಯತ್ಯಾಸ. ಅದು ಉದ್ದವನ್ನಷ್ಟೇ ಹೇಳುತ್ತದೆ, ಅಗಲದ ಗೊಡವೆಗೆ ಹೋಗುವುದಿಲ್ಲ. ಅಷ್ಟಾದರೂ ಆ ನಂಬರನ್ನು ನಾವು ಜಾತಕದಂತೆ ಜೀವನಪೂರ್ತಿ ನಂಬುತ್ತೇವೆ.

ನಮ್ಮಪ್ಪ ನಂಬಿದ್ದರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಭದ್ರಾವತಿಯಲ್ಲಿ ಬೂಟುಗಾಲಿನವರಿಗೆ ಬರವಿರಲಿಲ್ಲ. ಅಪ್ಪ ಒಂದು ಸಣ್ಣ ಫೌಂಡ್ರಿಯಲ್ಲಿದ್ದರು. ಮೂತಿಗೆ ಉಕ್ಕಿನ ಟೊಪ್ಪಿಗೆ ಇಟ್ಟ ಸೇಫ್ಟಿ ಬೂಟು. ಆ ಟೊಪ್ಪಿಗೆ 200 ಜೌಲ್ ಪೆಟ್ಟು ತಾಳಬೇಕೆಂಬುದು ಇವತ್ತಿನ ನಿಯಮ. ಇಪ್ಪತ್ತು ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು ಎಂದಿಟ್ಟುಕೊಳ್ಳಿ. ಮೇಲಿನಿಂದ ಬೀಳುವುದನ್ನು ಅದು ತಡೆಯುತ್ತದೆ. ಒಳಗಿನ ಬೆರಳಿಗೆ ಜಾಗ ಸಾಲದಿದ್ದರೆ ಅದೇ ಉಕ್ಕು ಪಕ್ಕದಿಂದ ಒತ್ತುತ್ತದೆ. ಅಪ್ಪನ ಬಲಗಾಲಿನ ಹೆಬ್ಬೆರಳ ಉಗುರು ಪಕ್ಕದ ಮಾಂಸದೊಳಕ್ಕೆ ಬೆಳೆದು ಕೀವಾಯಿತು. ಉಗುರು ಕೀಳಿಸಿದರು. ಬೆಳೆದ ಉಗುರು ಮತ್ತೆ ಹಳೆಯ ಜಾಗಕ್ಕೇ ಹೊಕ್ಕಿತು. ಮತ್ತೆ ಕೀಳಿಸಿದರು. ಮನೆಯವರೆಲ್ಲ ಉಗುರನ್ನು ಬೈದೆವೇ ಹೊರತು ಬೂಟಿನ ಕಡೆ ಯಾರೂ ನೋಡಲಿಲ್ಲ. ‘ನನ್ನದು ಏಳು’ ಎನ್ನುತ್ತಿದ್ದರು ಅಪ್ಪ. ಮದುವೆಯಲ್ಲಿ ಏಳಿತ್ತು, ಆದ್ದರಿಂದ ಏಳು.

ಕೊನೆಗೆ ಕೇಳಿದವರು ಬಸ್‌ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಹಿರಿಯರು. ಅಪ್ಪ ಕುಂಟುವುದನ್ನು ನೋಡಿ, ‘ಸ್ವಾಮೀ, ಸ್ವಲ್ಪ ಈ ಕಾಗದದ ಮೇಲೆ ನಿಲ್ಲಿ’ ಎಂದು ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಬಂದದ್ದು ಒಂಬತ್ತು. ವಯಸ್ಸಾದಂತೆ ಪಾದದ ಕಮಾನು ಕುಸಿದು ಕಾಲು ಉದ್ದಕ್ಕೂ ಅಗಲಕ್ಕೂ ಹರಡುತ್ತದೆಂಬುದು ಆ ಹಿರಿಯರಿಗೆ ಕಸುಬಿನಿಂದಲೇ ಗೊತ್ತಿತ್ತು. ಒಂಬತ್ತರ ಬೂಟು ಬಂದ ಮೇಲೆ ಅಪ್ಪನ ಉಗುರು ತೆಪ್ಪಗಾಯಿತು. ಹಾಗೆಂದು ಎಲ್ಲ ಉಗುರೂ ಬೂಟು ಬದಲಿಸಿದರೆ ಸರಿಹೋಗುವುದಿಲ್ಲ. ಈಗ ಇಡೀ ಉಗುರು ಕೀಳುವುದು ಕಡಿಮೆ. ಬೆರಳಿಗಷ್ಟೇ ಮರವಳಿಕೆ ಕೊಟ್ಟು, ಚುಚ್ಚುವ ಅಂಚನ್ನು ಸೀಳಿ ತೆಗೆದು, ಅದರ ಬೇರಿಗೆ ಫಿನಾಲ್ ಹಚ್ಚಿ ಆ ಪಟ್ಟಿ ಮತ್ತೆ ಬೆಳೆಯದಂತೆ ಮಾಡುತ್ತಾರೆ. ಸಕ್ಕರೆ ಕಾಯಿಲೆಯವರಂತೂ ಬ್ಲೇಡು ಹಿಡಿದು ಮನೆಯಲ್ಲೇ ಶಸ್ತ್ರಚಿಕಿತ್ಸೆಗೆ ಇಳಿಯಲೇಬಾರದು.

ಅಳಿಯನ ಗಂಟಿನ ಕಥೆ ಇನ್ನೂ ತೊಡಕಿನದು. ಆ ಗಂಟು ನಮ್ಮಮ್ಮನಿಗೂ ಇತ್ತು. ಅಡುಗೆಮನೆ, ಹಿತ್ತಿಲು, ಗದ್ದೆ ಎಂದು ಬರಿಗಾಲಲ್ಲೇ ಓಡಾಡಿದ ಅಮ್ಮ ಅದನ್ನು ನೋವೆಂದು ಒಂದು ದಿನವೂ ಹೇಳಿದ್ದು ನೆನಪಿಲ್ಲ. ತಂಗಿಗೂ ಇದೆ, ಚಪ್ಪಲಿಯಲ್ಲಿ ನಡೆದುಹೋಗುತ್ತಿದೆ. ಹೆಬ್ಬೆರಳು ಪಕ್ಕಕ್ಕೆ ವಾಲುವ ಈ ಪ್ರವೃತ್ತಿ ಮನೆತನದಲ್ಲಿ ಇಳಿದು ಬರುತ್ತದೆ. ಗಂಟು ಅಜ್ಜಿಯದು, ನೋವು ಬೂಟಿನದು. ಹಾಗೆಂದು ಬೆರಳು ವಾಲುವುದರಲ್ಲೂ ಬೂಟಿನ ಪಾಲಿಲ್ಲದೆ ಇಲ್ಲ. ಹಾಂಗ್‌ಕಾಂಗ್‌ನಲ್ಲಿ 1958ರಲ್ಲಿ ಇಬ್ಬರು ವೈದ್ಯರು ಬೂಟು ತೊಡುವವರನ್ನೂ ಬರಿಗಾಲಿನವರನ್ನೂ ಹೋಲಿಸಿ ನೋಡಿದ್ದರು: ಹೆಬ್ಬೆರಳು ವಾಲಿದ್ದು ಬೂಟಿನವರಲ್ಲಿ ನೂರಕ್ಕೆ 33, ಬರಿಗಾಲಿನವರಲ್ಲಿ ನೂರಕ್ಕೆ 1.9.

ಇದಕ್ಕಿಂತ ನಮಗೆ ಹತ್ತಿರದ್ದು ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 1992ರಲ್ಲಿ ಪ್ರಕಟಿಸಿದ ಕೆಲಸ. ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿದರು. ಬೂಟು ಚಪ್ಪಲಿ ತೊಡುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ, ಬರಿಗಾಲಿನ ಮಕ್ಕಳಲ್ಲಿ 2.8. ಬೆರಳು ಮುಚ್ಚುವ ಶೂ ತೊಟ್ಟವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಜಗತ್ತಿನ ಮೂಳೆ ವೈದ್ಯರು ಇವತ್ತಿಗೂ ಉದಾಹರಿಸುವ ಈ ಅಧ್ಯಯನ ಘಟ್ಟದ ಕೆಳಗೆ ನಡೆದದ್ದು. ಘಟ್ಟದ ಮೇಲಿನ ನಾವು ಅದನ್ನು ಓದಿದಂತಿಲ್ಲ.

ಅಳಿಯ ಕೊನೆಗೂ ಬೂಟು ಹೊಂದಿಸುವ ಕಸುಬಿನವನ ಹತ್ತಿರ ಹೋಗಿದ್ದ. ಅವನು ಗಂಟಿರುವ ಜಾಗಕ್ಕೆ ಗುರುತು ಹಾಕಿ, ಚಿಪ್ಪನ್ನು ಬಿಸಿಮಾಡಿ, ಒಳಗಿನಿಂದ ಒತ್ತಿ ಅಲ್ಲೊಂದು ಉಬ್ಬು ಎಬ್ಬಿಸಿಕೊಟ್ಟ. ನಮ್ಮ ಬಸ್‌ ಸ್ಟ್ಯಾಂಡಿನ ಹಿರಿಯರ ಕಸುಬೇ ಅದು, ಕೂಲಿ ಮಾತ್ರ ಡಾಲರಿನಲ್ಲಿ. ಎರಡು ಚಳಿಗಾಲ ಹಾಯಾಗಿ ಕಳೆದವು. ಆದರೆ ಹೆಬ್ಬೆರಳು ಆಗಲೇ ಎರಡನೇ ಬೆರಳಿನಡಿ ನುಗ್ಗಿಬಿಟ್ಟಿತ್ತು, ಬರಿಗಾಲಲ್ಲಿ ನಿಂತರೂ ನೋಯುತ್ತಿತ್ತು. ಆಗ ಚಾಕು ನ್ಯಾಯವೇ. ಮೂಳೆಯನ್ನು ಕೊಯ್ದು, ನೇರಕ್ಕೆ ಸರಿಸಿ, ಸ್ಕ್ರೂ ಹಾಕಿದ್ದಾರೆ. ಮೂಳೆ ಕೂಡಲು ಸುಮಾರು ಆರು ವಾರ, ಊತ ಇಳಿಯಲು ತಿಂಗಳುಗಳು. ಹಿಮ ಕರಗಿದ ಮೇಲೆ ಆಪರೇಷನ್ ಇಟ್ಟುಕೊಂಡದ್ದು ಅದಕ್ಕೇ. ಡಿಸೆಂಬರಿನ ಹೊತ್ತಿಗೆ ಕಾಲು ಸಿದ್ಧವಾಗಬೇಕು. ನೋವೇ ಇಲ್ಲದೆ, ಚೆಂದದ ಶೂ ಹಿಡಿಸಲೆಂದು ಬೆರಳು ಕೊಯ್ಸಿಕೊಳ್ಳುವವರೂ ಇದ್ದಾರಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಬೂಟು ಇದ್ದಷ್ಟು ಬೆರಳು ಕತ್ತರಿಸು ಎಂದಿರಲಿಲ್ಲ.

ಸ್ಕೀ ಎಂದರೆಲ್ಲ ಇಂಥದೇ ಬೂಟೆಂದು ತಿಳಿಯಬೇಡಿ. ನಮ್ಮ ಕೊಡಗಿನ ತೆಕ್ಕಡ ಭವಾನಿ ಹೆಸರು ಮಾಡಿದ ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಬೂಟು ಮೆತ್ತಗೆ, ಹಗುರ. ಬೆರಳಿನ ತುದಿ ಮಾತ್ರ ಹಲಗೆಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಹೆಜ್ಜೆಹೆಜ್ಜೆಗೂ ಏಳುತ್ತದೆ. ಕಾಲು ಅಲ್ಲಿ ನಡೆಯುವ ಕಾಲಾಗಿಯೇ ಉಳಿದಿದೆ.

ಈಗ ಶಿವಮೊಗ್ಗದ ಅಂಗಡಿಗಳಲ್ಲಿ ಶಾಲೆಯ ಕಪ್ಪು ಶೂಗಳು ಸಾಲಾಗಿ ಬಂದು ಕೂತಿವೆ. ಇನ್ನೇನು ಮಳೆ ಹಿಡಿಯುತ್ತದೆ. ಒದ್ದೆ ಸಾಕ್ಸಿನೊಳಗೆ ಸಂಜೆಯವರೆಗೆ ಬೆಂದ ಬೆರಳಸಂದಿಗಳ ಪಾಡು ಮಲೆನಾಡಿನ ತಾಯಂದಿರಿಗೆ ಗೊತ್ತು. ಸರ್ಕಾರಿ ಶಾಲೆಗಳಲ್ಲಿ ಹವಾಮಾನ ನೋಡಿ ಶೂ ಬದಲು ಚಪ್ಪಲಿ ಕೊಳ್ಳಲು ಅವಕಾಶ ಇಟ್ಟಿರುವುದು ಒಳ್ಳೆಯ ಬುದ್ಧಿ. ಖಾಸಗಿ ಶಾಲೆಗಳೂ ಮಳೆಗಾಲದ ಮಟ್ಟಿಗಾದರೂ ಕಲಿಯಲಿ. ಶೂ ಕೊಳ್ಳುವುದೇ ಆದರೆ ಮಗುವನ್ನು ಜೊತೆಗೆ ಕರೆದೊಯ್ಯಿರಿ. ಸಂಜೆ ಹೋಗಿ, ಆ ಹೊತ್ತಿಗೆ ಕಾಲು ತುಸು ಊದಿರುತ್ತದೆ. ಶೂ ಒಳಗಿನ ಹಾಸು ಹೊರಗೆ ಬರುವಂತಿದ್ದರೆ ತೆಗೆದು ನೆಲದ ಮೇಲಿಟ್ಟು ಮಗುವನ್ನು ಅದರ ಮೇಲೆ ನಿಲ್ಲಿಸಿ. ಬೆರಳು ಅಂಚು ದಾಟಿದರೆ, ಅಂಗಡಿಯವರು ಯಾವ ನಂಬರು ಹೇಳಿದರೂ ಆ ಜೋಡಿಯನ್ನು ವಾಪಸ್ ಕೊಡಿ.