ಡಬ್ಬಿ ತುಂಬಿದ್ದಕ್ಕೆ ಹೆಮ್ಮೆ ಯಾಕೆ ಸ್ವಾಮಿ?

ತುಂಬಾ ದಿನದಿಂದ ಹೊಟ್ಟೆಯಲ್ಲಿಟ್ಕೊಂಡಿದ್ದ ಜಗಳ ಇದು. ಇವತ್ತು ಆಡಿಯೇ ಬಿಡ್ತೀನಿ.

ಸ್ಪೋರ್ಟ್ಸ್ ಕಾರು ತಗೊಂಡ ನನ್ನ ಗೆಳೆಯರೆಲ್ಲ ಮೊದಲ ತಿಂಗಳಲ್ಲೇ ಬಾನೆಟ್ ಒಳಗೆ ಹೊಳೆಯೋ ಅಲ್ಯೂಮಿನಿಯಂ ಡಬ್ಬಿಯೊಂದನ್ನ ಕೂರಿಸ್ತಾರೆ. ಆಯಿಲ್ ಕ್ಯಾಚ್ ಕ್ಯಾನ್. ಆಮೇಲೆ ಆಗಾಗ ಅದನ್ನ ಬಿಚ್ಚಿ, ತಳದಲ್ಲಿರೋ ಕಪ್ಪು ರಸ ತೋರಿಸಿ, "ನೋಡು ಮಗಾ, ಇಷ್ಟೂ ಇಂಜಿನ್ನಿಗೆ ಹೋಗ್ತಿತ್ತು" ಅಂತಾರೆ.

ಹೋಗ್ತಿತ್ತು, ನಿಜ. ಹೋಗಲಿ ಅಂತಲೇ ಮಾಡಿರೋದು ಮಾರಾಯ್ರೆ! ರಿಂಗುಗಳು ಎಷ್ಟೇ ಬಿಗಿಯಾಗಿದ್ರೂ ಪಿಸ್ಟನ್ ಪಕ್ಕದಿಂದ ಒಂದಿಷ್ಟು ಅನಿಲ ಕೆಳಗೆ ಕ್ರ್ಯಾಂಕ್‌ಕೇಸಿಗೆ ಸೋರತ್ತೆ. ಅದರ ಜೊತೆ ಆಯಿಲ್ ಹನಿ, ನೀರಾವಿ, ಪೆಟ್ರೋಲ್ ಆವಿ ಎಲ್ಲ ಸೇರ್ಕೊಳ್ಳತ್ತೆ. ಹಿಂದೆ ಇದನ್ನ ಒಂದು ಪೈಪಿನಲ್ಲಿ ರಸ್ತೆಗೇ ಬಿಡ್ತಿದ್ರು. ಲಾಸ್ ಏಂಜಲೀಸಿನ ಹೊಗೆ ಮಿತಿಮೀರಿದಾಗ, 1960ರ ದಶಕದ ಆರಂಭದಲ್ಲಿ, ಅದನ್ನ ವಾಪಸ್ ಇಂಜಿನ್ನಿಗೇ ಎಳೆದು ಸುಡೋ ಪಿಸಿವಿ ವ್ಯವಸ್ಥೆಯನ್ನ ಕ್ಯಾಲಿಫೋರ್ನಿಯಾ ಕಡ್ಡಾಯ ಮಾಡಿತು. ಈಗಿನ ಬಹುತೇಕ ಇಂಜಿನ್ನುಗಳಲ್ಲಿ ಆಯಿಲ್ ಬೇರ್ಪಡಿಸೋ ಏರ್ಪಾಡು ಕಂಪನಿಯಿಂದಲೇ ಬರತ್ತೆ.

"ಹಾಗಾದ್ರೆ ವಾಲ್ವ್ ಮೇಲೆ ಕೂರೋ ಕಾರ್ಬನ್?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಸೀದಾ ಸಿಲಿಂಡರಿಗೆ ಹೋಗತ್ತೆ, ಇನ್‌ಟೇಕ್ ವಾಲ್ವಿನ ಬೆನ್ನು ತೊಳೆಯೋರು ಯಾರೂ ಇಲ್ಲ. 2006ರ ಆಸುಪಾಸಿನ ಆಡಿ ಆರ್‌ಎಸ್4ನ ವಿ8 ಇಂಜಿನ್ ಇದಕ್ಕೇ ಹೆಸರುವಾಸಿ. ಇಂಥದ್ದಕ್ಕೆ ಒಳ್ಳೆಯ ಕ್ಯಾನ್ ಒಂದಿಷ್ಟು ಸಹಾಯ ಮಾಡತ್ತೆ, ಒಪ್ತೀನಿ. ಆದ್ರೆ ವಾಲ್ವ್ ಸೀಲಿನಿಂದ ಇಳಿಯೋ ಆಯಿಲ್ಲನ್ನ ಯಾವ ಡಬ್ಬಿ ಹಿಡಿಯತ್ತೆ? ಕ್ಯಾನ್ ಹಾಕಿದ ಮೇಲೂ ಒಂದಿನ ವಾಲ್ವ್ ಕ್ಲೀನ್ ಮಾಡಿಸಲೇಬೇಕಾಗಬಹುದು. ಇನ್ನು ಟೊಯೊಟಾ 86ರಲ್ಲಿ ಪೋರ್ಟ್ ಇಂಜೆಕ್ಟರೂ ಇದೆ, ಡೈರೆಕ್ಟ್ ಇಂಜೆಕ್ಟರೂ ಇದೆ. ವಾಲ್ವ್ ತೊಳೆಯೋ ಕೆಲಸ ಅಲ್ಲೇ ಆಗತ್ತೆ. ನಂದಿಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರೋಕೆ ಅದಕ್ಕೆ ಡಬ್ಬಿ ಯಾಕೆ?

ಅಗ್ಗದ ಕ್ಯಾನ್ ಒಂದನ್ನ ನಾನೂ ತಂದು ಬಿಚ್ಚಿ ನೋಡಿದೀನಿ. ಒಳಗೆ ಜಾಲರಿ ಇಲ್ಲ, ತಡೆಗೋಡೆ ಇಲ್ಲ. ಥೇಟ್ ಹಾಲಿನ ಕ್ಯಾನು! ಈ ಕಡೆಯಿಂದ ಬಂದ ಹಬೆ ಆ ಕಡೆಯಿಂದ ಆರಾಮಾಗಿ ಹೋಗತ್ತೆ. ಇನ್ನು ಕೆಲವರು ಮೇಲೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಗಾಳಿಗೇ ಬಿಡ್ತಾರೆ. 60 ವರ್ಷ ಹಿಂದಕ್ಕೆ ಹೋದ ಹಾಗೆ.

ರೇಸ್ ಟ್ರ್ಯಾಕಿನ ಮಾತು ಬೇರೆ. ಇರುಂಗಾಟ್ಟುಕೋಟ್ಟೈನಂಥ ಕಡೆ ಉದ್ದ ತಿರುವಿನಲ್ಲಿ ಹೈ ಆರ್‌ಪಿಎಂನಲ್ಲಿ ಓಡಿಸಿದ್ರೆ ಆಯಿಲ್ ಒಂದು ಪಕ್ಕಕ್ಕೆ ನುಗ್ಗಿ ಬ್ರೀದರ್ ಪೈಪಿಗೇ ಬರಬಹುದು. ಬ್ರೀದರ್ ಹೊರಗೆ ತೆರೆದಿದ್ರೆ 2000 ಸಿಸಿವರೆಗೆ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್ ಡಬ್ಬಿ ಬೇಕು ಅಂತ ಎಫ್‌ಐಎ ನಿಯಮವೇ ಇದೆ. ಅದು ನಿಮ್ಮ ವಾಲ್ವಿನ ಮೇಲಿನ ಪ್ರೀತಿಗಲ್ಲ, ಆಯಿಲ್ ಹೊರಗೆ ಚೆಲ್ಲಬಾರದು ಅಂತ.

ನನ್ನ ಸಿಟ್ಟಿಗೆ ನಿಜವಾದ ಕಾರಣ ಬೇರೆ. ಗೆಳೆಯನೊಬ್ಬ ಸೆಕೆಂಡ್ ಹ್ಯಾಂಡ್ ಟರ್ಬೋ ಕಾರು ತಗೊಂಡ. ಡಬ್ಬಿ ಹಾಕಿಸಿದ. ಎರಡು ವಾರಕ್ಕೇ ಅರ್ಧ ತುಂಬಿತು. ಅವನಿಗೆ ಖುಷಿಯೋ ಖುಷಿ. ಮೊದಲ ಸಲ ನಾನೂ ಭೇಷ್ ಅಂದಿದ್ದೆ, ಆ ಪಾಪ ನನ್ನದೂ ಹೌದು. ಮೂರನೇ ಸಲ ಯಾಕೋ ಅನುಮಾನ ಬಂತು. "ಆರೋಗ್ಯವಾಗಿರೋ ಇಂಜಿನ್ ಇಷ್ಟು ಉಗುಳಲ್ಲ ಕಣೋ, ಕಂಪ್ರೆಷನ್ ಟೆಸ್ಟ್ ಮಾಡಿಸು" ಅಂದೆ. ಅವನು ಇನ್ನೂ ದೊಡ್ಡ ಡಬ್ಬಿ ಹಾಕಿಸಿದ! ಎಂಟು ತಿಂಗಳಾದ ಮೇಲೆ ಸೈಲೆನ್ಸರಿನಲ್ಲಿ ನೀಲಿ ಹೊಗೆ. ಇಂಜಿನ್ ಇಳಿಸಿ ನೋಡಿದ್ರೆ ರಿಂಗ್ ಸವೆದು, ಸಿಲಿಂಡರ್ ಗೀರಿ ಹೋಗಿತ್ತು. ಎಷ್ಟು ಖರ್ಚಾಯ್ತು ಅಂತ ಮನೆಯಲ್ಲಿ ಇವತ್ತಿಗೂ ನಿಜ ಹೇಳಿಲ್ಲ. ರಿಂಗ್ ಸವೆದಿದೆ ಅಂತ ಡಬ್ಬಿ ಪ್ರತಿ ಎರಡು ವಾರಕ್ಕೂ ಹೇಳ್ತಾನೇ ಇತ್ತು, ನಾವು ಅದನ್ನ ಸಾಧನೆ ಅಂತ ಓದ್ಕೊಂಡ್ವಿ.

ಈಗ ಹೊಸ ರಿಂಗ್, ಹೊಸ ಪಿಸ್ಟನ್. ಮೂರು ತಿಂಗಳಾಯ್ತು, ಡಬ್ಬಿಯಲ್ಲಿ ಒಂದು ಚಮಚ ಆಯಿಲ್ಲೂ ಸೇರಿಲ್ಲ. ಮೊನ್ನೆ ರಾತ್ರಿ ಫೋನ್ ಮಾಡಿ ಕೇಳ್ತಾನೆ, "ಮಗಾ, ಕ್ಯಾನ್ ಕೆಟ್ಟಿರಬಹುದಾ?"