ಮೂರು ಚಿಹ್ನೆ, ಐದು ಗೆಲುವು: ಬಂಗೇರರ ಬೆಳ್ತಂಗಡಿ

1985ರ ವಿಧಾನಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರ ಅಲೆಗೆ ಸಿಕ್ಕ ಬಿಜೆಪಿ 18 ಸ್ಥಾನಗಳಿಂದ ಎರಡಕ್ಕೆ ಕುಸಿಯಿತು. ಗೆದ್ದ ಇಬ್ಬರಲ್ಲಿ ಒಬ್ಬರು ಶಿಕಾರಿಪುರದ ಯಡಿಯೂರಪ್ಪ, ಇನ್ನೊಬ್ಬರು ಬೆಳ್ತಂಗಡಿಯ ಕೆ. ವಸಂತ ಬಂಗೇರ. ಯಡಿಯೂರಪ್ಪ ಮುಂದೆ ಮುಖ್ಯಮಂತ್ರಿಯಾದರು. ಬಿಜೆಪಿಯಿಂದ ಎರಡು ಬಾರಿ ಗೆದ್ದಿದ್ದ ಬಂಗೇರರು 1994ರಲ್ಲಿ ಜನತಾದಳದಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಐದು ಬಾರಿ ಶಾಸಕರಾದರೂ ಮಂತ್ರಿಯಾಗದೆ 2024ರ ಮೇ 8ರಂದು ತೀರಿಕೊಂಡರು.

ಅವರನ್ನು ಪಕ್ಷಾಂತರಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಪಕ್ಷಾಂತರಕ್ಕಾಗಿ 2019ರಲ್ಲಿ ಅನರ್ಹಗೊಂಡ 17 ಶಾಸಕರ ಸಾಲಿಗೆ ಅವರನ್ನು ಸೇರಿಸಲಾಗದು. ಪಕ್ಷ ಬದಲಿಸಿ ಅವರು ಮಂತ್ರಿಗಿರಿಯನ್ನೇನೂ ಗಳಿಸಲಿಲ್ಲ. ಹೊಸ ಚಿಹ್ನೆ ಹಿಡಿದು ಬಂದಾಗ ಜನರು ಮಾತ್ರ ಮತ್ತೆ ಆರಿಸಿದರು. ಪಕ್ಕದ ಮೂಡುಬಿದಿರೆಯಲ್ಲಿ ಕೆ. ಅಮರನಾಥ ಶೆಟ್ಟರು ಕೊನೆಯವರೆಗೂ ಜನತಾ ಪರಿವಾರ ಬಿಡಲಿಲ್ಲ. ಬಂಟ್ವಾಳದ ರಮಾನಾಥ ರೈ ಆರು ಬಾರಿಯೂ ಕಾಂಗ್ರೆಸ್‌ನಿಂದಲೇ ಗೆದ್ದವರು. ನಿಷ್ಠೆಯ ಲೆಕ್ಕದಲ್ಲಿ ಅವರಿಬ್ಬರೇ ಮೇಲು, ಸಂಶಯವಿಲ್ಲ. ಆದರೆ ಬೆಳ್ತಂಗಡಿಯ ಮತದಾರ ಚಿಹ್ನೆಗಿಂತ ಮನುಷ್ಯನನ್ನು ನೋಡುತ್ತಿದ್ದ ಎನ್ನುವುದಕ್ಕೆ ಬಂಗೇರರಷ್ಟು ಗಟ್ಟಿ ಸಾಕ್ಷಿ ಬೇರೆಯಿಲ್ಲ. 1999 ಮತ್ತು 2004ರಲ್ಲಿ ಬಿಜೆಪಿಯಿಂದ ಗೆದ್ದವರು ಅವರ ತಮ್ಮ ಪ್ರಭಾಕರ ಬಂಗೇರ. ಒಂದೇ ಮನೆಯವರು ಬೇರೆ ಬೇರೆ ಪಕ್ಷದಲ್ಲಿದ್ದರೂ ಊರು ಅದನ್ನು ಸಹಜವಾಗಿಯೇ ತೆಗೆದುಕೊಂಡಿತ್ತು.

ಹೀಗೆ ಮನುಷ್ಯನನ್ನು ನೋಡಿ ಮತ ಹಾಕುವುದಕ್ಕೆ ನೆಲದ ಕಾರಣವೂ ಇದೆ. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರರು ಪಟ್ಟಾದಾರರಾದರು. ಆದರೂ ತೋಟದ ಮೇಲಿನ ಕುಮ್ಕಿ ಗುಡ್ಡ (ಪಟ್ಟಾ ಜಮೀನಿಗೆ ತಾಗಿದ, ಬಳಕೆಯ ಹಕ್ಕು ಮಾತ್ರ ಇರುವ ಸರ್ಕಾರಿ ಜಾಗ), ಕಾಡಂಚಿನ ಅಡಿಕೆ ಗಿಡ, ಮನೆ ಕಟ್ಟಿದ ಸರ್ಕಾರಿ ಜಾಗ ದಾಖಲೆಯಲ್ಲಿ ಅವರ ಹೆಸರಿಗೆ ಬರಲಿಲ್ಲ. ಸರ್ಕಾರಿ ಜಾಗದ ಸಾಗುವಳಿಯನ್ನು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಸಮಿತಿಗೆ ಅಧ್ಯಕ್ಷರು ಕ್ಷೇತ್ರದ ಶಾಸಕರೇ. ಫೈಲು ಹಿಡಿದು ತಾಲ್ಲೂಕು ಕಚೇರಿಯಲ್ಲಿ ನಿಂತ ರೈತನಿಗೆ ಬೇಕಾದ್ದು ಸರ್ವೆಯವರನ್ನೂ ತಹಶೀಲ್ದಾರರನ್ನೂ ತುಳುವಿನಲ್ಲೇ ಗದರಿ ಕೆಲಸ ಮಾಡಿಸಬಲ್ಲ ಮನುಷ್ಯ. ಅವನು ಯಾವ ಪಕ್ಷದವನು ಎನ್ನುವುದು ಆಮೇಲಿನ ಮಾತು. ಹಾಗೆ ಕೆಲಸ ಮಾಡಿಸಿಕೊಂಡವರ ಮತ ಆ ಮನುಷ್ಯನ ಹಿಂದೆಯೇ ಪಕ್ಷದಿಂದ ಪಕ್ಷಕ್ಕೆ ಹೋಗುತ್ತಿತ್ತು.

ಆ ಕಾಲ ಮುಗಿಯುತ್ತಿದೆ. 2013ರಲ್ಲಿ ದಕ್ಷಿಣ ಕನ್ನಡದ ಎಂಟರಲ್ಲಿ ಏಳು ಕ್ಷೇತ್ರ ಕಾಂಗ್ರೆಸ್‌ಗೆ ಬಂದವು. 2018ರಲ್ಲಿ ಏಳು ಬಿಜೆಪಿಗೆ ಹೋದವು. ಬಂಗೇರ, ರೈ, ಮೂಡುಬಿದಿರೆಯ ಅಭಯಚಂದ್ರ ಜೈನ್ ಮೂವರೂ ಒಂದೇ ದಿನ ಸೋತರು. ಬೆಳ್ತಂಗಡಿಯಲ್ಲಿ ಹರೀಶ್ ಪೂಂಜರ ಗೆಲುವಿನ ಅಂತರ ಸುಮಾರು 23 ಸಾವಿರ. ಮೂವರೂ ಕೆಲಸಗಳ್ಳರಾಗಿದ್ದರೆಂದು ನಾನು ನಂಬುವುದಿಲ್ಲ; ಅವರನ್ನು ಸೋಲಿಸಿದ್ದು ಪಕ್ಷದ ಅಲೆ. 2013ರದ್ದೂ ಅಲೆಯೇ ಅಲ್ಲವೇ ಎಂದರೆ ಹೌದು. ಆದರೆ 1985ರಲ್ಲಿ ರಾಜ್ಯವನ್ನೇ ಆವರಿಸಿದ ಅಲೆಯ ಎದುರು ಬಂಗೇರರು ನಿಂತು ದಡ ಸೇರಿದ್ದರು. 2018ರಲ್ಲಿ ಈ ಮೂರು ಕ್ಷೇತ್ರಗಳಲ್ಲಿ ಅದು ಯಾರಿಗೂ ಸಾಧ್ಯವಾಗಲಿಲ್ಲ.

ಪಕ್ಷದ ಹೆಸರಿನಲ್ಲೇ ಗೆದ್ದವನು ಪಕ್ಷಕ್ಕೆ ಎದುರು ಮಾತನಾಡುವುದು ಕಷ್ಟ. ಕುಮ್ಕಿ ಹಕ್ಕಿನ ವಿಷಯದಲ್ಲಿ ತನ್ನದೇ ಸರ್ಕಾರ ಮೈಮರೆತರೆ ಸದನದಲ್ಲಿ ಎದ್ದು ಜಗಳವಾಡಬಲ್ಲ ಶಾಸಕ ಈ ಭಾಗಕ್ಕೆ ಇಂದು ತುರ್ತಾಗಿ ಬೇಕು. 2023ರಲ್ಲಿ ಪುತ್ತೂರಿನಲ್ಲಿ ಪಕ್ಷೇತರ ಅಭ್ಯರ್ಥಿ ಅರುಣ್ ಪುತ್ತಿಲ ಬಿಜೆಪಿಯನ್ನೇ ಮೂರನೇ ಸ್ಥಾನಕ್ಕೆ ತಳ್ಳಿದ್ದರು. ವ್ಯಕ್ತಿಯನ್ನು ನೋಡಿ ಮತ ಹಾಕುವ ಅಭ್ಯಾಸ ಪೂರ್ತಿ ಹೋಗಿಲ್ಲ ಎನ್ನಲು ಅಷ್ಟು ಆಧಾರವಿದೆ. ಟಿಕೆಟ್ ಹಂಚುವಾಗ ಬೆಂಗಳೂರಿನ ನಾಯಕರು ಅದನ್ನು ಗಮನಿಸಲಿ.