ಮನೆಯ ಹೊಸಿಲಿಗೊಂದು ಪುಟ್ಟ ಕಾವಲು

ಮನೆ ಕಟ್ಟಿದವನು ಬಾಗಿಲಿಡುತ್ತಾನೆ. ಬಾಗಿಲಿಟ್ಟವನು ಅಗುಳಿಯನ್ನೂ ಇಡುತ್ತಾನೆ. ಇದಕ್ಕೆ ಯಾರ ಉಪದೇಶವೂ ಬೇಕಾಗಿಲ್ಲ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮನೆಗಳಿಗೆ ಇನ್ನೊಂದು ಬಾಗಿಲು ಬಂದಿದೆ. ಗೋಡೆಯ ತೂತಿನೊಳಗಿಂದ ನೂಲಿನಷ್ಟು ಸಣ್ಣ ಗಾಜಿನೆಳೆಯೊಂದು ಬಂದು ಮೂಲೆಯ ಡಬ್ಬಿಯಲ್ಲಿ ಕೊನೆಗೊಳ್ಳುತ್ತದೆ. ಅಪ್ಪನ ಕೂಲಿ, ಅವ್ವನ ಸ್ವಸಹಾಯ ಸಂಘದ ಲೆಕ್ಕ, ತಂಗಿಯ ಅಂಕಪಟ್ಟಿ, ಹೊಲದ ಪಹಣಿ ಎಲ್ಲವೂ ಇಂದು ಆ ದಾರಿಯಿಂದಲೇ ಓಡಾಡುತ್ತವೆ. ಅದಕ್ಕೆ ಅಗುಳಿ ಇದೆಯೇ ಎಂದು ಕೇಳುವವರು ಮಾತ್ರ ವಿರಳ.

ಆ ಡಬ್ಬಿಗೆ ರೌಟರ್ ಎಂದು ಹೆಸರು. ಅದರೊಳಗೆ ಕಾವಲು ಕಾಯುವ ಭಾಗವೇ ಫೈರ್‌ವಾಲ್. ಅದರ ಕೆಲಸ ತಿಳಿಯಬೇಕಾದರೆ ನಮ್ಮ ಹಾಸ್ಟೆಲಿನ ಟಪಾಲನ್ನು ನೆನೆಯಬಹುದು. ಹೊರಗಿನವರಿಗೆ ಹಾಸ್ಟೆಲಿನ ವಿಳಾಸ ಒಂದೇ, ಒಳಗೆ ಕೋಣೆಗಳು ಹಲವು. ಯಾವ ಕೋಣೆಯವನು ಯಾರಿಗೆ ಕಾಗದ ಬರೆದನೆಂಬುದನ್ನು ವಾರ್ಡನರು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಅದಕ್ಕೆ ಬಂದ ಉತ್ತರವನ್ನು ಮಾತ್ರ ಆ ಕೋಣೆಗೆ ಮುಟ್ಟಿಸಿ, ಯಾರೂ ಕೇಳದೆ ಬಂದ ಕಾಗದವನ್ನು ಗೇಟಿನಲ್ಲೇ ತಡೆದರೆಂದು ಭಾವಿಸಿರಿ. (ನಮ್ಮ ವಾರ್ಡನರು ಇಷ್ಟು ಕಟ್ಟುನಿಟ್ಟಿನವರಲ್ಲವೆಂಬುದು ಹಾಸ್ಟೆಲಿನ ಮಿತ್ರರ ಪುಣ್ಯ.) ಫೈರ್‌ವಾಲ್ ಮಾಡುವುದು ಇಷ್ಟೇ, ಆದರೆ ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಕಾಗದವನ್ನು ಒಡೆದು ಓದುವುದಿಲ್ಲ, ಮೇಲಿನ ವಿಳಾಸವನ್ನಷ್ಟೇ ನೋಡುತ್ತದೆ. ಆದುದರಿಂದ ಈ ಕೆಲಸಕ್ಕೆ ಭಾರೀ ಯಂತ್ರ ಬೇಕಾಗಿಲ್ಲ. ನನ್ನ ವಾದವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಕಾವಲಿಲ್ಲದಿದ್ದರೆ ಏನಾಗುತ್ತದೆ? ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್ ಲೋಕದಾದ್ಯಂತ ಕ್ಯಾಮೆರಾಗಳನ್ನೂ ರೌಟರುಗಳನ್ನೂ ಹಿಡಿದುಕೊಂಡಿತು. ಅದರ ಬಂಡವಾಳ ಬಹಳ ಸಣ್ಣದು: ಕಾರ್ಖಾನೆಯಿಂದ ಬಂದಂತೆಯೇ ಯಾರೂ ಬದಲಿಸದೆ ಬಿಟ್ಟಿದ್ದ ಹೆಸರು ಮತ್ತು ಪಾಸ್‌ವರ್ಡುಗಳ ಸುಮಾರು ಅರವತ್ತು ಜೋಡಿ. ಆ ವರ್ಷದ ಅಕ್ಟೋಬರ್ ೨೧ರಂದು ಆ ಸೇನೆಯ ಹೊಡೆತದಿಂದ ಡಿನ್ ಎಂಬ ಕಂಪನಿ ತತ್ತರಿಸಿ, ಅಮೆರಿಕದ ಬಹು ಜನರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದೆ ಹೋದವು. ಮಿರಾಯನ್ನು ಬರೆದ ಮೂವರು ನಮಗಿಂತ ಹೆಚ್ಚು ವಯಸ್ಸಿನವರಲ್ಲ. ೨೦೧೭ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಮರುವರ್ಷ, ೨೦೧೮ರಲ್ಲಿ, ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ೫೪ ದೇಶಗಳಲ್ಲಿ ಕನಿಷ್ಠ ೫ ಲಕ್ಷ ರೌಟರು ಮೊದಲಾದ ಸಾಧನಗಳಿಗೆ ಹತ್ತಿಕೊಂಡಿತ್ತು. ಬಡವನ ಮನೆಯಲ್ಲಿ ಕದಿಯಲು ಏನಿದೆ ಎನ್ನುವವರು ಗಮನಿಸಬೇಕು: ಕಳ್ಳನಿಗೆ ಬೇಕಾದುದು ನಮ್ಮ ಪೆಟ್ಟಿಗೆಯೊಳಗಿನ ವಸ್ತುವಲ್ಲ, ನಮ್ಮ ಪೆಟ್ಟಿಗೆಯೇ. ನಮ್ಮ ಮನೆಗೆ ತಂತಿ ಎಳೆದವರು ಕೊಟ್ಟುಹೋದ ಡಬ್ಬಿಯ ಹೆಸರೂ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’ ಆಗಿತ್ತು.

ನಮ್ಮ ತಂದೆಯವರು ಗಾರೆ ಕೆಲಸದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದ ಅರ್ಜಿ, ಬಿಲ್ಲು, ತಂತಿಗಳ ವಿಚಾರವೆಲ್ಲ ನನ್ನ ಪಾಲಿನದು. ಕಾವಲಿಗೆ ಬೇರೆಯೇ ಒಂದು ರೌಟರ್ ಇಡೋಣವೆಂದಾಗ, ಕೆಲಸ ಮಾಡಿಸಿದ ಮನೆಯವರು ಅಪ್ಪನಿಗೆ ಕೊಟ್ಟಿದ್ದ ಹಳೆಯ ಕಂಪ್ಯೂಟರ್ ಅಟ್ಟದ ಮೇಲಿತ್ತು. ತಿಳಿದ ಮಿತ್ರರೂ ಅದನ್ನೇ ಸೂಚಿಸಿದರು: ಇನ್ನೊಂದು ನೆಟ್‌ವರ್ಕ್ ಕಾರ್ಡು ಸಿಕ್ಕಿಸು, ಪಿಎಫ್‌ಸೆನ್ಸ್ ಅಥವಾ ಓಪಿಎನ್‌ಸೆನ್ಸ್ ಹಾಕು, ಕಾಸಿನ ಖರ್ಚಿಲ್ಲದೆ ಫೈರ್‌ವಾಲ್ ಸಿದ್ಧ. “ಪುಕ್ಕಟೆ ಸಿಕ್ಕಿದ್ದು ಇರುವಾಗ ದುಡ್ಡು ಕೊಟ್ಟು ಡಬ್ಬಿ ಯಾಕೆ ತರಬೇಕಪ್ಪಾ?” ಎಂದು ಅಪ್ಪ ಕೇಳಿದ್ದೂ ನ್ಯಾಯವೇ. ನಾನು ಕೊಳ್ಳಬೇಕೆಂದಿದ್ದುದು ವಿದ್ಯಾರ್ಥಿವೇತನದ ಹಣದಿಂದ.

ಇಲ್ಲಿ ಲೆಕ್ಕ ಹಾಕಲೇಬೇಕು. ರೌಟರ್ ಎಂಬುದು ಮಿಕ್ಸರಿನಂತೆ ಹತ್ತು ನಿಮಿಷ ತಿರುಗಿ ನಿಲ್ಲುವ ವಸ್ತುವಲ್ಲ. ಹಗಲಿರುಳು ವರ್ಷವಿಡೀ ಉರಿಯುವ ನಂದಾದೀಪ. ಹಳೆಯ ಕಂಪ್ಯೂಟರ್ ಸುಮ್ಮನೆ ಕುಳಿತಿದ್ದರೂ ೬೦ ವ್ಯಾಟ್ ಎಳೆಯಿತೆಂದರೆ ತಿಂಗಳಿಗೆ ೪೩ ಯೂನಿಟ್. ನಮ್ಮ ಮನೆಯ ಬಳಕೆಯ ಸರಾಸರಿಯೇ ೬೦ ಯೂನಿಟ್! ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಪುಕ್ಕಟೆ ದೊರೆಯುವುದು ಸಾರಾಸಗಟಾಗಿ ೨೦೦ ಯೂನಿಟ್ ಎಂದು ಹಲವರು ತಿಳಿದಿದ್ದಾರೆ. ೨೦೦ ಎಂಬುದು ಮೇರೆ ಮಾತ್ರ, ಸಿಗುವುದು ಹಿಂದಿನ ಬಳಕೆಯ ಸರಾಸರಿ ಮತ್ತು ಅದರ ಮೇಲೆ ಶೇಕಡ ೧೦. ಎಂದರೆ ನಮಗೆ ೬೬. ಅಟ್ಟದ ಕಂಪ್ಯೂಟರ್ ಕೆಳಗಿಳಿದರೆ ಬಳಕೆ ೧೦೩ಕ್ಕೆ ಏರುತ್ತದೆ. ಮಿಕ್ಕ ೩೭ ಯೂನಿಟ್ಟಿಗೆ ಆರಾರು ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ ೨,೬೦೦ ರೂಪಾಯಿಗೆ ಮೇಲಾಯಿತು. ೬ ವ್ಯಾಟಿನ ಸಣ್ಣ ರೌಟರಾದರೆ ತಿಂಗಳಿಗೆ ೪.೩ ಯೂನಿಟ್, ೬೬ರ ಒಳಗೇ ಅಡಗುತ್ತದೆ. ಈ ಲೆಕ್ಕವನ್ನು ಬಿಲ್ಲಿನ ಹಿಂಬದಿಯಲ್ಲೇ ಬರೆದು ತೋರಿಸಿದೆ. ಅಪ್ಪ ಎರಡು ಸಲ ಕೇಳಿ, ಕಂಪ್ಯೂಟರನ್ನು ತಂಗಿಯ ಟೈಪಿಂಗ್ ಅಭ್ಯಾಸಕ್ಕೆ ಬಿಟ್ಟರು.

ವ್ಯಾಟಿನ ಮಾತಿನಲ್ಲಿ ಮಾರುವವರನ್ನು ನಂಬಬೇಡಿರಿ. ೨೦೨೩ರ ಮೊದಲಿಗೆ ಬಂದ ಇಂಟೆಲ್ ಎನ್೧೦೦ ಚಿಪ್ಪಿನ ಪುಟ್ಟ ಕಂಪ್ಯೂಟರುಗಳು ಇಂದು ಫೈರ್‌ವಾಲ್ ಪ್ರಿಯರ ಕಣ್ಮಣಿಗಳು. ಪೋರ್ಟುಗಳು ನಾಲ್ಕು, ಫ್ಯಾನಿಲ್ಲ, ಚಿಪ್ಪಿನ ವಿವರದಲ್ಲಿ ‘೬ ವ್ಯಾಟ್’. ಆದರೆ ಆ ೬ ಚಿಪ್ಪೊಂದರ ಶಾಖವನ್ನು ಅಳೆದು ಕೊಟ್ಟ ಅಂಕಿ. ಗೋಡೆಯ ಪ್ಲಗ್ಗಿನಿಂದ ಇಡೀ ಪೆಟ್ಟಿಗೆ ಎಳೆಯುವುದು ಅದಕ್ಕಿಂತ ಹೆಚ್ಚು. ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಮನೆಯ ವಿದ್ಯುತ್ ಮೀಟರಿನ ಮೇಲೆ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ; ಒಂದು ಯೂನಿಟ್ಟಿಗೆ ಎಷ್ಟು ಮಿಣುಕೆಂಬುದನ್ನು ಮೀಟರಿನ ಮೇಲೆಯೇ ಬರೆದಿರುತ್ತದೆ. ೩೨೦೦ ಎಂದಿದ್ದರೆ, ಉಳಿದೆಲ್ಲವನ್ನೂ ಆರಿಸಿ ಗಡಿಯಾರ ಹಿಡಿದು ನಿಲ್ಲಿರಿ. ೬೦ ವ್ಯಾಟಿನ ಯಂತ್ರಕ್ಕೆ ಸುಮಾರು ೧೯ ಸೆಕೆಂಡಿಗೊಮ್ಮೆ ಮಿಣುಕುತ್ತದೆ, ೬ ವ್ಯಾಟಿನದಕ್ಕೆ ಮೂರು ನಿಮಿಷಕ್ಕೊಮ್ಮೆ. ಕಲಾ ವಿಭಾಗದವರಾದ ನಮಗೂ ಇಷ್ಟು ಭೌತಶಾಸ್ತ್ರ ಒಗ್ಗುತ್ತದೆ.

ಸೆಕೆಂಡಿಗೆ ಸಾವಿರ ಮೆಗಾಬಿಟ್ಟಿನ ತಂತಿ ಹಾಕಿಸಿಕೊಂಡು, ದೂರದ ಊರಿನಿಂದ ಗೂಢಲಿಪಿಯ ಸುರಂಗದ ಮೂಲಕ ಮನೆಯ ಜಾಲಕ್ಕೆ ಬರಬೇಕೆನ್ನುವವರಿಗೆ ಎನ್೧೦೦ ಯೋಗ್ಯವೇ. ನಮ್ಮಂಥವರ ತಂತಿ ೧೦೦ ಮೆಗಾಬಿಟ್ಟಿನದು. ಅದಕ್ಕೆ ಅದು ಇರುವೆಗೆ ಆನೆಯ ಅಂಬಾರಿ. ರಾಸ್ಪ್‌ಬೆರಿ ಪೈ ೪ ಮಿತವ್ಯಯದ್ದು ನಿಜ, ಆದರೆ ಅದರ ತಂತಿ ಪೋರ್ಟು ಒಂದೇ. ಒಳಗೂ ಹೊರಗೂ ಬೇರೆ ಬಾಗಿಲು ಬೇಕಾದಲ್ಲಿ ಯುಎಸ್‌ಬಿ ಅಡಾಪ್ಟರಿನ ತೇಪೆ ಹಚ್ಚಬೇಕು.

ನಾನು ಆರಿಸುವುದು ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರನ್ನು ಒಪ್ಪುವ ಸಾಧಾರಣ ರೌಟರನ್ನು. ಇದರ ಹುಟ್ಟೇ ಸ್ವಾರಸ್ಯಕರ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ೫೪ಜಿ ರೌಟರಿನೊಳಗೆ ಲಿನಕ್ಸ್ ಇದ್ದುದು ಬೆಳಕಿಗೆ ಬಂದು, ಅದರ ಪರವಾನಗಿಯ ಕರಾರಿನಂತೆ ೨೦೦೩ರಲ್ಲಿ ಕಂಪನಿ ಮೂಲಪಾಠವನ್ನು ಬಹಿರಂಗಪಡಿಸಬೇಕಾಯಿತು. ಅದನ್ನು ಹಿಡಿದು ೨೦೦೪ರಲ್ಲಿ ಈ ಕೆಲಸ ಮೊದಲಾಯಿತು. ೨೦೨೪ರಲ್ಲಿ ಆ ಬಳಗವೇ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ತನ್ನದೇ ರೌಟರನ್ನು ಹೊರತಂದಿತು. ತಯಾರಿಸಿದ ಕಂಪನಿ ಕೈಬಿಟ್ಟ ಮೇಲೂ ಇಂಥ ಸಾಫ್ಟ್‌ವೇರ್ ರೌಟರನ್ನು ವರ್ಷಗಟ್ಟಲೆ ಉಳಿಸುತ್ತದೆ. ಆದರೆ ಅದಕ್ಕೂ ಮಿತಿ ಉಂಟು: ೪ ಮೆಗಾಬೈಟ್ ಫ್ಲಾಶ್, ೩೨ ಮೆಗಾಬೈಟ್ ರ‍್ಯಾಮ್ ಇದ್ದ ಹಳೆಯ ಡಬ್ಬಿಗಳಿಗೆ ೧೯.೦೭ರ ಆವೃತ್ತಿಯೇ ಕೊನೆಯಾಯಿತು. ಕೊಳ್ಳುವವರು ೧೬ ಮತ್ತು ೧೨೮ಕ್ಕಿಂತ ಕಡಿಮೆಯದನ್ನು ಮುಟ್ಟದಿರುವುದು ಲೇಸು. ಪಟ್ಟಿಯಲ್ಲಿ ರೌಟರಿನ ಹೆಸರು ಮಾತ್ರವಲ್ಲ, ಅದರ ಆವೃತ್ತಿ ಸಂಖ್ಯೆಯನ್ನೂ ತಾಳೆ ನೋಡಬೇಕು; ಹೆಸರೊಂದೇ ಇದ್ದು ಒಳಗಿನ ಚಿಪ್ಪು ಬೇರೆಯಾಗಿರುವುದು ಈ ವ್ಯಾಪಾರದ ಹಳೆಯ ಚಾಳಿ. ಕಂಪನಿಯ ಡಬ್ಬಿಯನ್ನು ಬಿಸಾಡುವಂತಿಲ್ಲ. ಬೆಳಕಿನ ಸಂಕೇತವನ್ನು ವಿದ್ಯುತ್ತಿಗೆ ತಿರುಗಿಸುವ ಕೆಲಸಕ್ಕೆ ಅದನ್ನಿಟ್ಟುಕೊಂಡು, ಕಾವಲನ್ನು ನಮ್ಮದಕ್ಕೆ ವಹಿಸಿದರಾಯಿತು.

ಕರೆಂಟು ಹೋಗುವ ಊರಿನವರಿಗೆ ಇನ್ನೊಂದು ಲಾಭ. ರೌಟರಿಗೆಂದೇ ಮಾರುವ ೧೨ ವೋಲ್ಟಿನ ಸಣ್ಣ ಯು.ಪಿ.ಎಸ್.ನಲ್ಲಿ ೨೪ ವ್ಯಾಟ್-ಗಂಟೆಯ ಬ್ಯಾಟರಿ ಇದ್ದರೆ ೬ ವ್ಯಾಟಿನ ಡಬ್ಬಿ ಕಾಗದದ ಮೇಲೆ ೪ ಗಂಟೆ, ನಿಜದಲ್ಲಿ ೩ ಗಂಟೆಯಾದರೂ ನಡೆಯುತ್ತದೆ. ಅಷ್ಟೇ ಶಕ್ತಿಯಲ್ಲಿ ೬೦ ವ್ಯಾಟಿನ ಕಂಪ್ಯೂಟರ್ ೨೪ ನಿಮಿಷವೂ ನಿಲ್ಲದು. ಫ್ಯಾನಿಲ್ಲದ್ದರಿಂದ ಧೂಳು ನುಗ್ಗುವುದೂ ಕಡಿಮೆ. ಬೇಸಗೆಯಲ್ಲಿ ಮಾತ್ರ ತಗಡಿನ ಮಾಡಿಗೆ ತಾಗುವಂತೆ ಇಡಬಾರದು.

ಚಿಕ್ಕದು, ಮಿತವ್ಯಯದ್ದು ಎಂದಷ್ಟಕ್ಕೇ ಕುರುಡಾಗಿ ಒಪ್ಪುವವನೂ ನಾನಲ್ಲ. ೨೦೧೩ರಲ್ಲಿ ಬಂದ ಇಂಟೆಲ್ ಆಟಂ ಸಿ೨೦೦೦ ಚಿಪ್ಪು ಅಂಥದೇ ಕೀರ್ತಿಯಿಂದ ಅನೇಕ ಫೈರ್‌ವಾಲ್ ಪೆಟ್ಟಿಗೆಗಳನ್ನು ಸೇರಿತು. ಒಂದೂವರೆ ವರ್ಷದಷ್ಟು ನಡೆದ ಮೇಲೆ ಅದರ ಗಡಿಯಾರದ ಸಂಕೇತ ನಿಂತು ಯಂತ್ರ ಮತ್ತೆ ಏಳದೆ ಹೋಗಬಹುದೆಂಬುದು ೨೦೧೭ರಲ್ಲಿ ತಿಳಿಯಿತು. ಹಾಗೆಯೇ ಫೈರ್‌ವಾಲ್ ಇಟ್ಟೊಡನೆ ಮನೆ ಕೋಟೆಯಾಗುವುದಿಲ್ಲ. ಬ್ಯಾಂಕಿನವನೆಂದು ಫೋನು ಮಾಡಿದವನಿಗೆ ಅವ್ವ ಒ.ಟಿ.ಪಿ. ಹೇಳಿದರೆ ಯಾವ ರೌಟರೂ ತಡೆಯಲಾರದು. ಮೊಬೈಲಿನದೇ ಡೇಟಾದಲ್ಲಿ ಹೋದದ್ದಂತೂ ಈ ಹೊಸಿಲನ್ನು ದಾಟುವುದೇ ಇಲ್ಲ.

ಉಳಿದಿರುವುದು ಒಂದು ದೂರು. ಇಷ್ಟೆಲ್ಲ ನೋಡಿ ಕೊಂಡರೂ, ಅಂಗಡಿಯ ಡಬ್ಬಿಗಳ ಮೇಲೆ ನನಗೆ ಬೇಕಾದ ಅಂಕಿಯೊಂದು ಕಾಣಲಿಲ್ಲ: ಯಾವ ವರ್ಷದವರೆಗೆ ಭದ್ರತೆಯ ತಿದ್ದುಪಡಿ ಕೊಡುತ್ತಾರೆ? ವೇಗ, ಆಂಟೆನಾಗಳ ಸಂಖ್ಯೆ, ನಗುತ್ತಿರುವ ಕುಟುಂಬದ ಚಿತ್ರ ಎಲ್ಲವೂ ಇದ್ದವು. ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್ ೨೯ರಿಂದ ಜಾರಿಯಾದ ಕಾನೂನು ಇಂಥ ಸಾಧನಗಳಿಗೆ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡುವುದನ್ನು ನಿಷೇಧಿಸಿ, ತಿದ್ದುಪಡಿಯ ಕನಿಷ್ಠ ಅವಧಿಯನ್ನು ಪ್ರಕಟಿಸಬೇಕೆಂದು ವಿಧಿಸಿದೆ. ನಮ್ಮಲ್ಲಿ ನಾಲ್ಕಾಣೆ ಬೆಲೆಯ ಮಾತ್ರೆಯ ಪಟ್ಟಿಯ ಮೇಲೂ ಯಾವ ತಿಂಗಳಿಗೆ ಅವಧಿ ಮುಗಿಯುತ್ತದೆಂದು ಅಚ್ಚು ಹಾಕಿರುತ್ತಾರೆ. ಕೂಲಿಕಾರನ ವಾರದ ಗಳಿಕೆಯನ್ನೇ ನುಂಗುವ ಡಬ್ಬಿಯ ಮೇಲೆ ಅದನ್ನು ಅಚ್ಚು ಹಾಕಲು ಏನು ಅಡ್ಡಿ?